ನಲವತ್ತೊಂದನೇ ಪುಟದ ಸಾಲು

ಅಯ್ಯೋ, ಆ ಕುರ್ಚಿ ಬೇಡ ಕಣೋ! ಅದರ ಕಾಲು ಅಲ್ಲಾಡುತ್ತೆ. ಇಲ್ಲಿ ಬಾ, ಈ ಕಡೆ... ಮೇಜಿನ ಈ ತುದಿಗೆ. ಹಾಂ, ಇಲ್ಲೇ. ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ. ಕಿಟಕಿ ಮುಚ್ಚಿದೆ ಅಂತ ನೋಡ್ತಿದ್ದೀಯಾ? ಹೌದು, ಮುಚ್ಚಿದೆ... ಆಮೇಲೆ ತೆಗೀತೀನಿ. ಬೆಟ್ಟದಿಂದ ಮಂಜು ಇಳೀತಿದೆಯಲ್ಲ, ನಿನಗೆ ಥಂಡಿ ಆಗಬಾರದು ಅಂತ. ಝೊಂಬಾ ಬೆಟ್ಟ ಬೆಳಗ್ಗೆಯಿಂದ ತಲೆವರೆಗೂ ಹೊದ್ಕೊಂಡು ಕೂತಿದೆ.

ಕೂತ್ಕೋ ಯೋತಾಮು, ಕೂತ್ಕೋ. ಟೋಪಿ ಕೊಡು ಇಲ್ಲಿ. ಬೇಡವಾ? ಸರಿ, ನಿನ್ನ ತೊಡೆ ಮೇಲೇ ಇರಲಿ. ನಿನ್ನ ಟೋಪಿ ಕದ್ದು ನಾನೇನು ಮಾಡ್ಲಿ!... ನಗಬಾರದಾ? ತಮಾಷೆ ಮಾಡ್ದೆ ಕಣೋ. ಮುಂಚೆ ಆಗಿದ್ರೆ ನಗ್ತಿದ್ದೆ.

ಆರು ವರ್ಷ! ಆರು ವರ್ಷ ಆಯ್ತಲ್ಲೋ ಮಾರಾಯ ನಿನ್ನ ಮುಖ ನೋಡಿ. ಇಗರ್ಜಿಯಿಂದ ಬರೋವಾಗ ದಾರಿಯುದ್ದಕ್ಕೂ ಯೋಚನೆ ಮಾಡ್ತಿದ್ದೆ, ಇವನು ಬರ್ತಾನೋ ಇಲ್ವೋ ಅಂತ. ಬಂದೆ. ದೊಡ್ಡ ಮನಸ್ಸು. ಸಣ್ಣಗಾಗಿದ್ದೀಯ... ಇಲ್ಲ ಇಲ್ಲ, ಚೆನ್ನಾಗೇ ಇದ್ದೀಯ. ಕೂದಲು ಸ್ವಲ್ಪ ಬೆಳ್ಳಗಾಗಿದೆ, ಅಷ್ಟೇ. ನಂದು ನೋಡು, ಹೊರಗೇ ಇದ್ದು ಎಲ್ಲಾ ಉದುರಿಹೋಯ್ತು!

ಊಟ ಮಾಡು ಮೊದಲು. ಎಸ್ನಾತಿ ಎಲ್ಲಾ ಮಾಡಿಟ್ಟು, ಮಕ್ಕಳನ್ನ ಕರ್ಕೊಂಡು ಅಕ್ಕನ ಮನೆಗೆ ಹೋದ್ಲು. ನಿಮ್ಮಿಬ್ಬರ ಮಾತಿನ ಮಧ್ಯೆ ನಾನ್ಯಾಕೆ ಅಂತ. ನ್ಸಿಮಾ ಮುದ್ದೆ ಬಿಸಿಯಾಗಿದೆ. ಚಾಂಬೋ ಮೀನು ಇವತ್ತು ಬೆಳಗ್ಗೆ ಸರೋವರದಿಂದ ಬಂದದ್ದು. ತಗೋ, ಕೈ ತೊಳ್ಕೋ, ನಾನೇ ನೀರು ಹಾಕ್ತೀನಿ... ಬೇಡವಾ? ಥೋಬ್ವಾ ಗಂಜಿ ಆದ್ರೂ ಕುಡಿ, ಸಿಹಿಯಾಗಿದೆ. ಅದೂ ಬೇಡವಾ. ಸರಿ. ಸರಿ, ಮುಚ್ಚಿಡ್ತೀನಿ.

ಗಂಟಲು ಸರಿ ಇಲ್ವಾ? ಬಾಗಿಲಲ್ಲಿ ನಮಸ್ಕಾರ ಅಂದೆ, ತಲೆ ಅಲ್ಲಾಡಿಸ್ದೆ. ಹೆಂಡತಿ ಹೇಗಿದ್ದಾರೆ ಅಂದೆ, ತಲೆ ಅಲ್ಲಾಡಿಸ್ದೆ. ಮಾತಾಡಬಾರದು ಅಂತ ಏನಾದ್ರೂ ಹೇಳಿ ಕಳಿಸಿದ್ದಾರಾ?... ಇಲ್ಲ ತಾನೆ? ಮತ್ತೇನು! ನನ್ನ ಹತ್ರ ಏನು ಸಂಕೋಚ? ಈ ಮನೇಲಿ ನಾವಿಬ್ಬರೇ. ನೀನು, ನಾನು, ಗೋಡೆ ಮೇಲೆ ಅಧ್ಯಕ್ಷರ ಫೋಟೋ.

ಫೋಟೋ ಹೊಸದು. ನೋಡಿದೆಯಾ? ದೊಡ್ಡದು ಹಾಕ್ಸಿದ್ದೀನಿ. ಎಷ್ಟು ದಯೆ ಅವರಿಗೆ! ನಿನ್ನಂಥ ಎಷ್ಟು ಜನರನ್ನ ಈ ತಿಂಗಳು ಜೈಲಿಂದ ಬಿಟ್ಟಿದ್ದಾರೆ. ಬದುಕಿರೋವರೆಗೂ ಅವರೇ ಅಧ್ಯಕ್ಷರು ಅಂತ ಅವತ್ತು ನಾವೆಲ್ಲ ಒಪ್ಪಿದ್ವಲ್ಲ, ಸುಮ್ನೆ ಒಪ್ಪಿದ್ವಾ? ನಿನಗೇನು ಅನ್ಸುತ್ತೆ ಹೇಳು... ಬಿಚ್ಚಿ ಹೇಳು. ಕೋಪ ಇದೆಯಾ? ಇದ್ರೆ ಅದನ್ನೂ ಹೇಳು. ಆರು ವರ್ಷ ಒಳಗಿದ್ದವನಿಗೆ ಕೋಪ ಇರಲ್ಲ ಅಂದ್ರೆ ಯಾರು ನಂಬ್ತಾರೆ?

ಹೂಂ. ಮತ್ತೆ ಬರೀ ತಲೆ ಅಲ್ಲಾಡಿಸ್ತೀಯ.

ನೀನು ಮುಂಚೆ ಹೀಗಿರಲಿಲ್ಲ ಯೋತಾಮು. ಮಾತು ಶುರುಮಾಡಿದ್ರೆ ನಿಲ್ಲಿಸೋಕೇ ಬರ್ತಿರಲಿಲ್ಲ ನಿನಗೆ. ನೀನು ತರಬೇತಿ ಕಾಲೇಜಲ್ಲಿ ಲೆಕ್ಕದ ಮೇಷ್ಟ್ರು, ನಾನು ಪ್ರಕಾಶನದಲ್ಲಿ ಸಂಪಾದಕ... ಸಂಜೆ ಮಾರ್ಕೆಟ್ ಕಡೆ ನಡ್ಕೊಂಡು ಹೋಗ್ತಿದ್ವಲ್ಲ. ಆ ಮೀನು ಮಾರೋ ಮುದುಕಿ ನೆನಪಿದ್ದಾಳಾ? ಎಣಿಸೋಕೆ ಬರ್ತಿರಲಿಲ್ಲ ಅವಳಿಗೆ. ಬೆಳಗ್ಗೆ ಒಂದೊಂದು ಮೀನಿಗೆ ಒಂದೊಂದು ಕಡ್ಡಿ ಇಡೋಳು. ಒಂದು ಮೀನು ಮಾರಿದ್ರೆ ಒಂದು ಕಡ್ಡಿ ಮುರಿಯೋಳು. ಸಂಜೆ ಬರೀ ಕಡ್ಡಿ ಉಳಿದಿತ್ತು ಅಂದ್ರೆ, ಯಾರೋ ಮೀನು ಕದ್ದಿದ್ದಾರೆ! ಅಂತ ಕೂಗಾಡೋಳು. ಅವತ್ತು ನೀನು ದಾರಿ ಮಧ್ಯದಲ್ಲೇ ನಿಂತ್ಬಿಟ್ಟೆ. ನನ್ನ ತೋಳು ಹಿಡ್ಕೊಂಡು, "ಲೈಸನ್, ನೋಡಿದೆಯೇನೋ? ಎಣಿಸದೇನೇ ಸಮ ಅಂತ ಹೇಳ್ಬಹುದು! ಜೋಡಿ ಕಟ್ಟಿದ್ರೆ ಸಾಕು! ಕೊನೇನೇ ಇಲ್ಲದ್ದನ್ನೂ ಹೀಗೇ ಅಳೀಬಹುದು!" ಅಂದೆ. ಹಿಂದೆ ಸೈಕಲ್ಲಿನವನು ಬೈತಾ ಇದ್ದಾನೆ, ನಿನಗೆ ಕೇಳಿಸ್ತಾನೇ ಇಲ್ಲ. ಅವತ್ತೇ ನಾನು ಹೇಳ್ದೆ, ಇದನ್ನ ಬರಿ, ಲೆಕ್ಕ ಅಂದ್ರೆ ಓಡಿಹೋಗೋರಿಗೂ ಅರ್ಥ ಆಗೋ ಹಾಗೆ ಬರಿ, ನಾನು ಅಚ್ಚು ಹಾಕಿಸ್ತೀನಿ ಅಂತ.

"ಎಣಿಸಿ ಮುಗಿಯದ್ದು." ಹೆಸರು ನಂದು. ಹೆಸರಿಟ್ಟವನು ನಾನು, ಅದನ್ನ ಮಾತ್ರ ಒಪ್ಕೋಬೇಕು ನೀನು! ನೂರಾ ಹನ್ನೆರಡು ಪುಟ. ಹಸಿರು ರಟ್ಟು. ಈ ಮಲಾವಿ ದೇಶದಲ್ಲಿ ಅನಂತದ ಬಗ್ಗೆ ನಮ್ಮ ಜನ ಓದೋ ಹಾಗೆ ಯಾವನು ಬರೆದಿದ್ದ? ಎಂಥ ಪುಸ್ತಕ ಮಾರಾಯ! ಒಂದು, ಎರಡು, ಮೂರು ಅಂತ ಎಲ್ಲಾ ಸಂಖ್ಯೆಗಳನ್ನೂ ಸಾಲಾಗಿ ನಿಲ್ಲಿಸು. ಬೆಸ ಸಂಖ್ಯೆಗಳನ್ನೆಲ್ಲ ಮನೆಗೆ ಕಳಿಸು. ಉಳಿದದ್ದು ಅರ್ಧ ಅಲ್ಲ, ಮೊದಲಿದ್ದಷ್ಟೇ! ಒಂದರ ಕೈಗೆ ಎರಡನ್ನ ಕೊಡು, ಎರಡರ ಕೈಗೆ ನಾಲ್ಕನ್ನ, ಮೂರರ ಕೈಗೆ ಆರನ್ನ... ಯಾರೂ ಒಂಟಿಯಾಗಿ ಉಳಿಯಲ್ಲ. ಇದನ್ನ ಎಸ್ನಾತಿಗೆ ಹೇಳಿದ್ರೆ, "ಪಾತ್ರೆಯಲ್ಲಿ ಅರ್ಧ ನ್ಸಿಮಾ ತಿಂದು ಪಾತ್ರೆ ತುಂಬಿದೆ ಅಂದ್ರೆ ನೀವು ಒಪ್ತೀರಾ?" ಅಂದ್ಲು. ನೀನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ, ಇದೇ ಮೇಜಿನ ಹತ್ರ.

...ನಕ್ಯಾ? ಈಗ ನಕ್ಯಾ ನೀನು? ಇಲ್ಲ... ಕೆಮ್ಮು.

ಹನ್ನೊಂದು ದಿನ. ಪುಸ್ತಕ ಅಂಗಡಿಗೆ ಬಂದು ಹನ್ನೊಂದೇ ದಿನ. ನಿನ್ನ ಹಳೇ ವಿದ್ಯಾರ್ಥೀನೇ ಒಬ್ಬ, ಮೇಷ್ಟ್ರಾಗಿದ್ದವನು, ಖುಷಿಯಿಂದ ತರಗತಿಯಲ್ಲಿ ಗಟ್ಟಿಯಾಗಿ ಓದ್ದ. ನಲವತ್ತೊಂದನೇ ಪುಟ. ಹಿಂದಿನ ಬೆಂಚಲ್ಲಿ ಒಬ್ಬಳು ಕಿಸಕ್ ಅಂತ ನಕ್ಕಳು. ಅವಳ ಅಪ್ಪ ಪಕ್ಷದವನು. ರಾತ್ರಿ ಊಟಕ್ಕೆ ಕೂತಾಗ ಅವಳು ಅಪ್ಪನಿಗೆ ಆ ಸಾಲು ಹೇಳಿದ್ಲಂತೆ. ಅವನು ನಗಲಿಲ್ಲ.

ಮುಂದಿನದು ನಿನಗೇ ಗೊತ್ತು.

ನಾನು ಸುಮ್ನೆ ಕೂತಿರಲಿಲ್ಲ ಕಣೋ! ಯಾರು ಏನು ಹೇಳಿದ್ರೋ ನಿನಗೆ! ಪೊಲೀಸ್ ಕಚೇರಿಗೆ ಮೂರು ಸಲ ಹೋದೆ. ಮೂರು ಸಲ! ಯೋತಾಮು ಘಂಬಿ ಮೇಷ್ಟ್ರು ಅಂಥವರಲ್ಲ ಅಂತ ಹೇಳೋಕೆ... ಯಾಕೆ ಹಾಗೆ ನೋಡ್ತೀಯಾ? ಸರಿ, ಒಂದು ಸಲ. ಒಂದು ಸಲ ಹೋದೆ. ಗೇಟಿನವರೆಗೂ. ಗೇಟಲ್ಲಿ ಪೊಲೀಸಿನವನು ಪಕ್ಷದ ಕಾರ್ಡು ತೋರಿಸು ಅಂದ, ಮನೇಲಿ ಮರೆತು ಬಂದಿದ್ದೆ...

ಎಲೆಸ್ತಿನಾ ಅತ್ತಿಗೆ ಅವತ್ತಿನ ವಿಷಯ ನಿನಗೆ ಹೇಳಿರಬೇಕು ಅಲ್ವಾ? ಹೇಳಿದ್ದಾರೆ. ನಿನ್ನ ಕಣ್ಣಲ್ಲೇ ಗೊತ್ತಾಗುತ್ತೆ. ಕಾಲೇಜಿನ ಮನೆ ಎರಡು ದಿನದಲ್ಲಿ ಖಾಲಿ ಮಾಡಿ ಅಂದ್ರಂತೆ. ಅತ್ತಿಗೆ ಮಕ್ಕಳನ್ನ ಕಟ್ಕೊಂಡು ಇಲ್ಲಿಗೆ ಬಂದ್ರು, ಬಾಗಿಲು ತಟ್ಟಿದ್ರು. ನಾವು ಮನೇಲಿ ಇರಲಿಲ್ಲ... ಇದ್ವಿ. ಇದ್ವಿ ಯೋತಾಮು. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ವಿ. ಎಸ್ನಾತಿ ಬಾಯಿಗೆ ಬಟ್ಟೆ ಇಟ್ಕೊಂಡು ಅಳ್ತಿದ್ಲು. ನಾನು ಅವಳ ಕೈ ಹಿಡ್ಕೊಂಡಿದ್ದೆ... ಸಮಾಧಾನಕ್ಕಲ್ಲ, ಎದ್ದು ಹೋಗಿ ಬಾಗಿಲು ತೆಗೀದೇ ಇರ್ಲಿ ಅಂತ. ನಿನ್ನ ಚಿಕ್ಕವಳು ಹೊರಗಿಂದ "ಲೈಸನ್ ಮಾವ, ಲೈಸನ್ ಮಾವ" ಅಂತ ಕರೀತಿದ್ಲು. ಎಷ್ಟೋ ಹೊತ್ತು. ಆಮೇಲೆ ಕರೆಯೋದು ನಿಂತ್ಹೋಯ್ತು. ಬಸ್ಸು ಹತ್ತಿ ಕರೋಂಗಾಕ್ಕೆ, ನಿಮ್ಮೂರಿಗೆ ಹೋದ್ರು ಅಂತ ಆಮೇಲೆ ಕೇಳ್ದೆ.

ಏನು? ಏನು ನೋಡ್ತಿದ್ದೀಯಾ ಆ ಕಡೆ? ಆ ಪರದೆನಾ? ಅದರ ಹಿಂದೆ ಉಗ್ರಾಣ ಕಣೋ. ಜೋಳದ ಹಿಟ್ಟಿನ ಚೀಲ, ಹಳೇ ಪೇಪರು. ಇಲಿ ಕಾಟ. ಸದ್ದು ಕೇಳಿಸಿದ್ರೆ ಇಲಿ. ಈ ಕಡೆ ನೋಡು, ನನ್ನ ಮುಖ ನೋಡು.

ವಿಷಯಕ್ಕೆ ಬರ್ತೀನಿ. ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ಕೆಲಸ ವಾಪಸ್ ಸಿಗುತ್ತೆ ಯೋತಾಮು. ಕಾಲೇಜಿನ ಮನೆ ಕೂಡ. ಅತ್ತಿಗೆ, ಮಕ್ಕಳು ಎಲ್ಲಾ ಕರೋಂಗಾದಿಂದ ಬರ್ಬಹುದು. ನನಗೆ... ಒಬ್ಬರು ಹೇಳಿದ್ರು. ಯಾರು ಅಂತ ಕೇಳ್ಬೇಡ. ಅವರಿಗೆ ಬೇಕಾಗಿರೋದು ಒಂದು ಹೆಸರು ಅಷ್ಟೇ. ಒಂದೇ ಒಂದು. ನೀನು ಲೆಕ್ಕದವನು, ಆ ಸಾಲು ನಿನ್ನ ತಲೆಯಿಂದ ಬಂದಿರೋಕೆ ಸಾಧ್ಯಾನೇ ಇಲ್ಲ ಅಂತ ಅವರೇ ಅಂತಾರೆ. ಯಾರೋ ಹೇಳಿಕೊಟ್ಟಿದ್ದಾರೆ ಅಂತಾರೆ. ಗಡಿ ದಾಟಿ ಓಡಿಹೋದ ನಿನ್ನ ಸ್ನೇಹಿತರು ಯಾರಾದ್ರೂ... ಯಾರಾದ್ರೂ ಕಣೋ! ಸತ್ತವರ ಹೆಸರಾದ್ರೂ ಹೇಳು!

ನಿನ್ನ ಎಂಟನೇ ಅಧ್ಯಾಯ ಅವರನ್ನ ಹುಚ್ಚು ಹಿಡಿಸಿಬಿಟ್ಟಿದೆ ಗೊತ್ತಾ? ಕೊನೇನೇ ಇಲ್ಲದ ಪಟ್ಟಿ ಮಾಡಿದ್ರೂ ಸೇರದೇ ಉಳಿಯೋ ಹೆಸರು ಒಂದು ಇದ್ದೇ ಇರುತ್ತೆ, ಅದನ್ನ ನಾನು ಪಟ್ಟಿಯಿಂದಲೇ ಹುಡುಕಿ ಕೊಡ್ತೀನಿ ಅಂತ ಬರ್ದಿದ್ದೀಯಲ್ಲ. ಮೊದಲನೇ ಹೆಸರಿನ ಮೊದಲನೇ ಅಕ್ಷರ ಬದಲಾಯಿಸು, ಎರಡನೇ ಹೆಸರಿನ ಎರಡನೇ ಅಕ್ಷರ ಬದಲಾಯಿಸು... ಹೀಗೇ ಹೋಗ್ತಾ ಹೋಗ್ತಾ ಹುಟ್ಟೋ ಹೆಸರು ಪಟ್ಟಿಯಲ್ಲಿರೋ ಯಾವ ಹೆಸರಿಗೂ ಸಮ ಆಗಲ್ಲ. ಎಷ್ಟು ಚೆಂದದ ಮಾತು! ಅವರು ಅದನ್ನ ಮೂರು ಸಲ ಓದಿದ್ದಾರೆ. ಅವರ ಹತ್ರ ಒಂದು ಪಟ್ಟಿ ಇದೆ, ಅದರಲ್ಲಿ ಒಂದು ಹೆಸರು ಬಿಟ್ಟುಹೋಗಿದೆ, ಘಂಬಿ ಮೇಷ್ಟ್ರಿಗೆ ಅದು ಗೊತ್ತು ಅಂತ ಕೂತಿದ್ದಾರೆ. ನಾನು ಹೇಳ್ದೆ, ಸ್ವಾಮಿ, ಅದು ಗಣಿತ ಅಂತ. "ಗಣಿತಾನೇ ನಾವೂ ಮಾಡ್ತಿರೋದು" ಅಂದ್ರು.

ನನಗೆ ಹೇಗೆ ಗೊತ್ತು ಅಂತನಾ? ಅವರು... ದಾರೀಲಿ ಸಿಕ್ಕಿದ್ರು. ಮಾತು ಬಂತು.

ಬೇಡ, ಅದನ್ನ ಮುಟ್ಬೇಡ. ಪುಸ್ತಕ... ಹೌದು, ನಿನ್ನದೇ. "ಎಣಿಸಿ ಮುಗಿಯದ್ದು." ಎಲ್ಲಾ ಪ್ರತಿ ಸುಟ್ರಲ್ಲ, ಇದು ಎಲ್ಲಿಂದ ಬಂತು ಅಂತ ತಾನೆ ನೋಡ್ತಿರೋದು? ಇದು ನನ್ನ ಹತ್ರ... ಉಳ್ಕೊಂಡಿತ್ತು. ಒಳಗಡೆ ಠಸ್ಸೆ ಇದೆ ಅಂತಾನಾ? ಯಾವುದೋ ಕಚೇರಿ ಠಸ್ಸೆ. ಏನೋ. ಎರವಲು ತಂದದ್ದು. ಬಿಡು ಅದನ್ನ.

ಯಾವ ಪುಟ ತೆಗೀತಿದ್ದೀಯಾ?

ಯೋತಾಮು, ಯಾವ ಪುಟ?

...ಬೆರಳು ತೆಗಿ. ನಿನ್ನ ಬೆರಳಿಗೆ ಉಗುರೇ ಇಲ್ವಲ್ಲೋ! ಅಯ್ಯೋ ದೇವ್ರೇ... ತೆಗಿ, ಆ ಸಾಲಿನ ಮೇಲಿಂದ ತೆಗಿ ಅಂದೆ. ನನಗೆ ಬಾಯಿಪಾಠ ಇದೆ ಅದು. "ಸಂಖ್ಯೆಗಳ ಊರಿನಲ್ಲಿ, ನನ್ನ ಮುಂದೆ ಯಾರೂ ಇಲ್ಲ ಎನ್ನಬಲ್ಲ ಮುಖಂಡನಿಲ್ಲ. ಯಾರನ್ನು ಕುರ್ಚಿಯಲ್ಲಿ ಕೂರಿಸಿದರೂ, ಅವನ ಬೆನ್ನ ಹಿಂದೆ ಅವನಿಗಿಂತ ದೊಡ್ಡವನೊಬ್ಬ ಆಗಲೇ ನಿಂತಿರುತ್ತಾನೆ."

ಚೆನ್ನಾಗಿದೆ ಅಲ್ವಾ? ಸಾಲು ಚೆನ್ನಾಗಿದೆ. ಯಾರು ಬರೆದ್ರೂ. ನೀನೇ ಬರೆದದ್ದು ಇರ್ಬೇಕು. ಬರೆದೋರಿಗೆ ಎಷ್ಟೋ ಸಲ ತಾವು ಬರೆದದ್ದೇ ಮರೆತು ಹೋಗುತ್ತೆ, ನಾನು ಎಷ್ಟು ಜನರನ್ನ ನೋಡಿಲ್ಲ... ಯಾಕೆ ತಲೆ ಅಲ್ಲಾಡಿಸ್ತೀಯಾ? ಇಲ್ಲ ಅಂತಾನಾ? ಬಾಯಿ ಬಿಟ್ಟು ಹೇಳು! ಇಲ್ಲ ಅಂತ ಹೇಳು, ಹೌದು ಅಂತ ಹೇಳು, ಏನಾದ್ರೂ ಒಂದು...

ತಾಳು. ತಾಳು, ರೇಡಿಯೋ ಹಾಕ್ತೀನಿ. ಭಾನುವಾರದ ಹಾಡು ಬರೋ ಹೊತ್ತು.

ಹಾಂ. ಗಟ್ಟಿಯಾಯ್ತಾ? ಆಗ್ಲಿ. ಈಗ ಹತ್ತಿರ ಬಾ. ಇನ್ನೂ ಹತ್ತಿರ. ಪಿಸುಮಾತಲ್ಲಿ ಹೇಳ್ತೀನಿ, ಕೇಳು.

ನಿನಗೆ ಗೊತ್ತಿತ್ತು. ಅಲ್ವಾ? ಅಲ್ಲಿ ಆ ಸಾಲನ್ನ ನಿನ್ನ ಮುಂದೆ ಇಟ್ಟಾಗಲೇ ಗೊತ್ತಾಗಿತ್ತು, ಇದು ನಂದಲ್ಲ ಅಂತ. ನೀನು ಬರೆದದ್ದು ಒಂದೇ ಒಂದು ಒಣ ವಾಕ್ಯ. "ಪ್ರತಿಯೊಂದು ಸಂಖ್ಯೆಗೂ ಮುಂದಿನ ಸಂಖ್ಯೆಯೊಂದಿದೆ." ಅಷ್ಟೇ. ಓದಿದ್ರೆ ನಿದ್ದೆ ಬರ್ತಿತ್ತು ಕಣೋ! ಅಚ್ಚಿನ ಕರಡು ಬಂದಾಗ ನೀನು ಊರಲ್ಲಿ ಇರಲಿಲ್ಲ. ನಿಮ್ಮಮ್ಮ ತೀರ್ಕೊಂಡಿದ್ರು, ಮಣ್ಣಿಗೆ ಹೋಗಿದ್ದೆ ಕರೋಂಗಾಕ್ಕೆ. ಮೂರು ವಾರ. ಅಚ್ಚಿನ ಮನೆಯವನು ದಿನಾ ಬೈತಿದ್ದ. ನಾನೊಬ್ಬನೇ ಕೂತು ತಿದ್ದುತ್ತಿದ್ದೆ, ಕಾಮಾ ಹಾಕೋದು, ಅಕ್ಷರ ಸರಿ ಮಾಡೋದು... ಇಪ್ಪತ್ತು ವರ್ಷದಿಂದ ಅದೇ ಕೆಲಸ! ಬೇರೆಯವರ ಮಾತಿಗೆ ಕಾಮಾ! ನಲವತ್ತೊಂದನೇ ಪುಟಕ್ಕೆ ಬಂದಾಗ ಆ ಸಾಲು ತಾನಾಗೇ ಬಂತು. ನಾನು ಹುಡುಕಲಿಲ್ಲ. ಬಂತು. ಬರ್ದೆ. ಓದ್ದೆ. ಎದ್ದು ಕೋಣೆ ತುಂಬಾ ಓಡಾಡ್ದೆ ಗೊತ್ತಾ? ನನ್ನ ಜನ್ಮದಲ್ಲಿ ಬರೆದ ಒಂದೇ ಒಂದು ಒಳ್ಳೆ ಸಾಲು. ಅಧ್ಯಕ್ಷರು, ಕುರ್ಚಿ, ಅದೆಲ್ಲ ನನಗೆ ಹೊಳೀಲೇ ಇಲ್ಲ... ಹೊಳೀತು. ಹೊಳೀತು ಯೋತಾಮು. ಅಳಿಸಬೇಕು ಅಂತ ಪೆನ್ಸಿಲ್ಲೂ ಕೈಗೆ ತಗೊಂಡೆ. ಆದ್ರೆ ಎಷ್ಟು ಚೆನ್ನಾಗಿತ್ತು! ಯಾರು ಲೆಕ್ಕದ ಪುಸ್ತಕ ಓದ್ತಾರೆ, ಯಾರಿಗೆ ಗೊತ್ತಾಗುತ್ತೆ ಅಂತ ಹಾಗೇ ಬಿಟ್ಟೆ.

ಪೊಲೀಸರು ಬಂದ್ರು. "ಈ ಸಾಲು ಹಸ್ತಪ್ರತಿಯಲ್ಲಿ ಇತ್ತಾ?" ಅಂದ್ರು. ಇತ್ತು ಅಂದೆ. "ಹಸ್ತಪ್ರತಿ ಎಲ್ಲಿ?" ಅಂದ್ರು. ಗೆದ್ದಲು ತಿಂತು ಅಂದೆ. ಗೆದ್ದಲಲ್ಲ ಕಣೋ... ಅವತ್ತು ಬೆಳಗ್ಗೆ ಅಡುಗೆಮನೆ ಒಲೆಗೆ ಹಾಕಿದ್ದೆ. ನಿನ್ನ ಅಕ್ಷರ, ನಿನ್ನ ಕೈಯಲ್ಲಿ ಬರೆದ ಆ ಒಣ ವಾಕ್ಯ... ಅದೊಂದು ಹಾಳೆ ಇದ್ದಿದ್ರೆ ನೀನು ಅದೇ ವಾರ ಮನೆಗೆ ಬರ್ತಿದ್ದೆ. ಒಂದೊಂದೇ ಹಾಳೆ ಹಾಕ್ದೆ. ಅದರ ಮೇಲೇ ಚಹಾ ಕಾಯಿಸ್ಕೊಂಡು ಕುಡ್ದೆ. ಆಮೇಲೆ ಅವರು ಆ ಸಾಲು ನಿಂದೇ ಅಂತ ಬರೆದ ಒಂದು ಕಾಗದ ಕೊಟ್ರು, ಸಹಿ ಮಾಡ್ದೆ.

ಆರು ವರ್ಷ! ದಿನಾ ಕಾಯ್ತಿದ್ದೆ ನಾನು. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ. ಗೇಟಿನ ಹತ್ರ ಪೊಲೀಸ್ ಲ್ಯಾಂಡ್‌ರೋವರ್ ನಿಂತ್ರೆ ಹಿಂದಿನ ಬಾಗಿಲ ಚಿಲಕ ತೆಗೆದಿಟ್ಕೊಂಡು ಕೂರ್ತಿದ್ದೆ. ನೀನು ಹೇಳಲಿಲ್ಲ. ಉಗುರು ಕಿತ್ತಾಗಲೂ ಹೇಳಲಿಲ್ವಾ? ಯಾಕೆ? ಯಾಕೆ ಹೇಳಲಿಲ್ಲ? "ಲೈಸನ್" ಅಂತ ಒಂದೇ ಒಂದು ಮಾತು ಅಂದಿದ್ರೆ ಸಾಕಿತ್ತಲ್ಲೋ! ನನ್ನ ಮೇಲೆ ದಯೆನಾ? ನನ್ನ ಮಕ್ಕಳ ಮೇಲೆ ದಯೆನಾ? ಯಾರು ಕೇಳಿದ್ರು ನಿನ್ನ ದಯೆ! ಅದನ್ನ ಹೊತ್ಕೊಂಡು ನಾನು ಹೇಗೆ ಬದುಕ್ಲಿ? ನಿನ್ನ ಹೆಂಡ್ತಿಗೆ ಬಾಗಿಲು ತೆಗೀಲಿಲ್ಲ, ನಿನ್ನ ಹಾಳೆ ಸುಟ್ಟೆ, ನೀನು ಬಾಯಿ ಮುಚ್ಕೊಂಡು ಕೂತಿದ್ದೆ! ಬೈಯೋ! ಎದ್ದು ಒಂದು ಏಟು ಹೊಡಿ! ಹಾಗೆ ನೋಡ್ಬೇಡ! ನಾನೇ ಬರೆದದ್ದು! ಹೌದು, ಆ ಸಾಲು ನಂದು! ಲೈಸನ್ ಮಕ್ವಿಂಜ ಬರೆದ ಸಾಲು, ನಂದು, ನಂದು...

...

ರೇಡಿಯೋ ಯಾವಾಗ ನಿಂತ್ಹೋಯ್ತು?

ಯೋತಾಮು. ಹಾಡು ಯಾವಾಗ ಮುಗೀತು? ನಾನು... ನಾನು ಗಟ್ಟಿಯಾಗಿ ಹೇಳಿದ್ನಾ?

ನೀನು ಆ ಪರದೆ ನೋಡ್ತಿದ್ದೀಯಾ. ಬಂದಾಗಿಂದ ಅದನ್ನೇ ನೋಡ್ತಿದ್ದೆ. ನಿನಗೆ ಮೊದಲೇ ಗೊತ್ತಿತ್ತು, ಒಳಗೆ ಒಬ್ಬರು ಕೂತಿದ್ದಾರೆ ಅಂತ. ಅದಕ್ಕೇ ನೀನು ಒಂದು ಮಾತೂ... ಅಯ್ಯೋ. ಅವರೇ ಕಣೋ ನಿನ್ನನ್ನ ಊಟಕ್ಕೆ ಕರಿ ಅಂದದ್ದು. ಮಾತಾಡ್ಸು, ಬರ್ಕೊಳ್ಳೋಕೆ ನಾವಿರ್ತೀವಿ ಅಂದ್ರು. ಇಲ್ಲ ಅನ್ನೋಕೆ ನನ್ನಿಂದ ಆಗಲಿಲ್ಲ. ನೀನು ಬರೋದಕ್ಕೆ ಒಂದು ಗಂಟೆ ಮುಂಚೆ ಬಂದು ಕೂತ್ರು.

ಕುರ್ಚಿ ಸರೀತು. ಕೇಳಿಸ್ತಾ? ಎದ್ರು.

ಸಾರ್? ಸಾರ್, ತಾಳಿ ಸಾರ್... ಅದು ನಾನು ಸುಮ್ನೆ ಹೇಳಿದ್ದು ಸಾರ್! ಇವನ ಬಾಯಿ ಬಿಡಿಸೋಕೆ! ನೀವೇ ಹೇಳಿದ್ರಲ್ಲ, ಹೇಗಾದ್ರೂ ಮಾತಾಡ್ಸು ಅಂತ... ಒಲೆ, ಹಾಳೆ, ಎಲ್ಲಾ ಕಟ್ಟುಕತೆ ಸಾರ್. ನನಗೆ ಅಂಥ ಸಾಲು ಬರೆಯೋಕೆ ಬರುತ್ತಾ? ಕಾಮಾ ಹಾಕೋನು ನಾನು! ಬೇಕಾದ್ರೆ ಇವನನ್ನೇ ಕೇಳಿ. ಯೋತಾಮು, ಹೇಳೋ. ಆ ಸಾಲು ನಿಂದು ಅಂತ ಹೇಳ್ಬಿಡು. ಆರು ವರ್ಷ ಆಗ್ಲೇ ಕಳೆದಿದ್ದೀಯ, ಇನ್ನು ನಿನಗೇನೂ ಮಾಡಲ್ಲ ಅವರು. ಇಲ್ಲ, ಅದು ಬೇಡ... ಲೈಸನ್ ಅಲ್ಲ ಅಂತ ಹೇಳು, ಅಷ್ಟೇ ಹೇಳು ಸಾಕು. ಯಾಕೆ ಎದ್ದೆ? ಟೋಪಿ ಹಾಕ್ಕೋಬೇಡ, ಕೂತ್ಕೋ. ಊಟ ಮಾಡಿಲ್ಲ ನೀನು... ಒಂದೇ ಒಂದು ಮಾತು ಕಣೋ. ಅಣ್ಣಾ, ಬಾಗಿಲು ತೆಗೀಬೇಡ, ನನ್ನನ್ನ ಇವರ ಜೊತೆ ಬಿಟ್ಟು ಹೋಗ್ಬೇಡ...

ಯೋತಾಮು?